ಸಕ್ಕರೆಯ ಗಾಜಿನ ಮನೆ

ಬೆಂಗಳೂರು
ಸಂಕ್ರಾಂತಿಗೆ ಎರಡು ದಿನ ಮುಂಚೆ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮ, ಓವನ್ ಇಲ್ಲದೆ ಕೇಕ್ ಆಗುತ್ತಾ?" ನಿನ್ನ ರೂಮ್‌ಮೇಟ್ ಹುಟ್ಟುಹಬ್ಬ, ಧಾರವಾಡದಲ್ಲೇ ಇರುವ ಅವಳ ಚಿಕ್ಕಮ್ಮನ ಮನೆಯಲ್ಲಿ ಮಾಡಬೇಕು, ಅಲ್ಲಿ ಇರುವುದು ಕುಕ್ಕರ್ ಮಾತ್ರ. ಬರೆದು ಕಳಿಸುತ್ತೇನೆ ಅಂತ ಹೇಳಿ ಫೋನ್ ಇಟ್ಟೆ. ಈಗ ಬರೆಯಲು ಕೂತರೆ ಅಳತೆಗಳ ಜೊತೆ ಬೇರೆ ಏನೇನೋ ನೆನಪಾಗುತ್ತಿದೆ. ಅದನ್ನೂ ಬರೆಯುತ್ತೇನೆ. ಮೊದಲು ಕೇಕ್.

ಒಂದು ಲೋಟ ಗಟ್ಟಿ ಮೊಸರು, ಮುಕ್ಕಾಲು ಲೋಟ ಸಕ್ಕರೆ. ಸಕ್ಕರೆ ಕರಗುವ ತನಕ ಕಲಸು. ಅದಕ್ಕೆ ಅರ್ಧ ಚಮಚ ಅಡುಗೆ ಸೋಡಾ, ಒಂದೂಕಾಲು ಚಮಚ ಬೇಕಿಂಗ್ ಪೌಡರ್ ಹಾಕಿ ಐದು ನಿಮಿಷ ಬಿಡು. ಮೊಸರಿನ ಹುಳಿಗೆ ಸೋಡಾ ಸೇರಿ ಗುಳ್ಳೆ ಏಳುತ್ತದೆ. ಗುಳ್ಳೆ ಬರಲಿಲ್ಲ ಅಂದರೆ ಸೋಡಾ ಹಳೆಯದು, ಬೇರೆ ತರಿಸು. ಆಮೇಲೆ ಅರ್ಧ ಲೋಟ ಎಣ್ಣೆ, ಒಂದು ಚಮಚ ವೆನಿಲಾ. ಕಡಲೆಕಾಯಿ ಎಣ್ಣೆ ಮಾತ್ರ ಬೇಡ, ವಾಸನೆ ಹೋಗುವುದೇ ಇಲ್ಲ. ಒಂದೂವರೆ ಲೋಟ ಮೈದಾ ಜರಡಿ ಹಿಡಿದು ಸ್ವಲ್ಪ ಸ್ವಲ್ಪವೇ ಸೇರಿಸು. ಜಾಸ್ತಿ ಕಲಸಬೇಡ. ಚಪಾತಿ ಹಿಟ್ಟಿನ ಜಿಗುಟು ಕೇಕಿಗೆ ಬರಬಾರದು.

ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ಅದರ ಮೇಲೆ ಸ್ಟ್ಯಾಂಡ್ ಇಡು. ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದುಬಿಡು. ನೀರು ಹಾಕಬೇಡ. 10 ನಿಮಿಷ ಖಾಲಿ ಕಾಯಿಸಿ, ಆಮೇಲೆ ಎಣ್ಣೆ ಸವರಿದ ಡಬ್ಬಿಯಲ್ಲಿ ಹಿಟ್ಟು ಸುರಿದು ಒಳಗಿಡು. ಸಣ್ಣ ಉರಿ, 45 ನಿಮಿಷ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ನೋಡುವ ಆಸೆ ತಡೆದುಕೋ. ನಡುವೆ ಇಳಿದುಬಿಡುತ್ತದೆ.

ಕ್ರೀಮ್ ಸಹವಾಸ ಅಲ್ಲಿ ಬೇಡ. ಅದಕ್ಕೆ ಬೀಟರ್ ಬೇಕು, ಬಟ್ಟಲೂ ಕೊರೆಯುವಷ್ಟು ತಣ್ಣಗಿರಬೇಕು. ಅದರ ಬದಲು ಹನಿ ಕೇಕ್ ಮಾಡು. ಸಕ್ಕರೆ ನೀರಿಗೆ ಎರಡು ಚಮಚ ಜೇನು ಬೆರೆಸಿ, ಕೇಕಿಗೆ ಅಲ್ಲಲ್ಲಿ ಕಡ್ಡಿಯಿಂದ ಚುಚ್ಚಿ ಸುರಿ. ಮೇಲೆ ಜಾಮ್ ಬಳಿದು ಕೊಬ್ಬರಿ ತುರಿ ಉದುರಿಸು. ಇದು ನಮ್ಮೂರಿನ ಅಯ್ಯಂಗಾರ್ ಬೇಕರಿಗಳ ಕೇಕ್. ಹಾಸನದ ಕಡೆಯಿಂದ ಬಂದವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು. ಮೊಟ್ಟೆ ಮುಟ್ಟದವರ ಮನೆಗೂ ಕೇಕ್ ಬಂದದ್ದು ಇಂಥ ಬೇಕರಿಗಳಿಂದ. ನಿಮ್ಮಜ್ಜಿ ಮೊದಲ ಸಲ ಕೇಕ್ ತಿಂದದ್ದೂ ಹಾಗೇ.

ಕೇಕಿನ ಮಾತು ಬಂದರೆ ನಿನಗೆ ಯಾವುದು ನೆನಪಾಗುತ್ತದೆ? ನನಗೆ ಮೊದಲು ಬರುವುದು ಗೊಂಬೆ ಕೇಕ್, ನಿನ್ನ ನಾಲ್ಕನೇ ವರ್ಷದ್ದು. ಸ್ಟೀಲ್ ಬೋಗುಣಿಯಲ್ಲಿ ಬೇಯಿಸಿ ಬೋರಲು ಹಾಕಿದರೆ ಲಂಗದ ಆಕಾರ ತಾನಾಗೇ ಬಂದಿತ್ತು. ನಡುವೆ ತೂತು ಮಾಡಿ ಗೊಂಬೆ ನಿಲ್ಲಿಸಿದೆ. 100 ಗ್ರಾಂ ಬೆಣ್ಣೆಗೆ 200 ಗ್ರಾಂ ಐಸಿಂಗ್ ಶುಗರ್, ಚಿಕ್ಕಪೇಟೆ ಸುತ್ತಿ ತಂದ ನಕ್ಷತ್ರದ ನಾಝಲ್. ನನ್ನ ಅಂಗೈ ಬಿಸಿಗೇ ಕೋನಿನೊಳಗಿನ ಬೆಣ್ಣೆ ಕರಗುತ್ತಿತ್ತು. ಹತ್ತು ಹೂ ಬಿಡಿಸುವುದು, ಫ್ರಿಜ್ಜಿನಲ್ಲಿಡುವುದು, ಮತ್ತೆ ಹತ್ತು ಹೂ. ರಾತ್ರಿ ಎರಡು ಗಂಟೆಯಾಯಿತು. ಬೆಳಿಗ್ಗೆ ನೀನು ಎದ್ದು ಬಂದು ನೋಡಿದಾಗ ನಿನ್ನ ಮುಖ ಹೇಗಾಗಿತ್ತು ಅಂತ ಬರೆಯಲು ನನಗೆ ಬರುವುದಿಲ್ಲ.

ಐದನೇ ವರ್ಷ ಮೆಟ್ರೋ. 2011ರ ಅಕ್ಟೋಬರ್ 20ಕ್ಕೆ ಓಡಲು ಶುರುವಾಗಿತ್ತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಬರೀ 6.7 ಕಿಲೋಮೀಟರ್, ಆರು ನಿಲ್ದಾಣ. ತ್ಯಾಗರಾಜನಗರದಿಂದ ಬಸ್ ಬದಲಿಸಿ ಎಂ.ಜಿ. ರಸ್ತೆಗೆ ಹೋಗಿ, ಸುಮ್ನೆ ಆ ತುದಿಗೆ ಹೋಗಿ ಸುಮ್ನೆ ವಾಪಸ್ ಬಂದೆವು. ತಿಂಗಳು ಕಳೆದು ನಿನ್ನ ಹುಟ್ಟುಹಬ್ಬ. ಮೂರು ಬ್ರೆಡ್ ಟಿನ್ನುಗಳಲ್ಲಿ ಮೂರು ಬೋಗಿ. ಬೆಣ್ಣೆ ಕ್ರೀಮಿಗೆ ಸೂಜಿ ಮೊನೆಯಷ್ಟು ಕಪ್ಪು ಬಣ್ಣ ಸೇರಿಸಿದರೆ ಬೂದು ಬರುತ್ತದೆ. ನೇರಳೆ ಪಟ್ಟಿಯದ್ದೇ ಕಷ್ಟವಾಯಿತು. ಹಿಂದಿನ ದಿನವೇ ಬಳಿದು ಕಿಟಕಿ ಪಕ್ಕ ಇಟ್ಟಿದ್ದೆ. ನೇರಳೆಯೊಳಗಿನ ಕೆಂಪು ಬೆಳಕಿಗೆ ಬೇಗ ಮಾಸುತ್ತದೆ, ನೀಲಿ ಉಳಿದುಕೊಳ್ಳುತ್ತದೆ. ಬೆಳಿಗ್ಗೆ ಮತ್ತೊಮ್ಮೆ ಬಳಿದೆ. ನೀನು ಬೋಗಿ ಎಣಿಸಿದೆ, ಬಾಗಿಲು ಎಣಿಸಿದೆ. ಡ್ರೈವರ್ ಎಲ್ಲಿ ಅಂತ ಕೇಳಿದೆ. ಅಪ್ಪ ಓಡಿಹೋಗಿ ಒಂದು ಜೆಮ್ಸ್ ತಂದು ಕೂರಿಸಿದರು.

ಇನ್ನು ಏಳನೇ ವರ್ಷ. ಆ ಮಾತಿಗೇ ಇಷ್ಟು ದೂರ ಬಂದೆ.

ಆಗಸ್ಟ್ 15ರ ಫಲಪುಷ್ಪ ಪ್ರದರ್ಶನಕ್ಕೆ ನೀನು ಅಪ್ಪನ ಹೆಗಲ ಮೇಲೆ ಕೂತು ಹೋಗಿದ್ದೆ. ಲಾಲ್‌ಬಾಗಿನ ಗಾಜಿನ ಮನೆ ನೋಡಿ, ನನಗೆ ಅದೇ ಕೇಕ್ ಬೇಕು ಅಂದೆ. ನಾನು ಒಪ್ಪಿಕೊಂಡೆ. ಡಿಸೆಂಬರಿನ ಕೇಕ್ ಶೋನಲ್ಲಿ ಸಕ್ಕರೆಯ ದೊಡ್ಡ ದೊಡ್ಡ ಕಟ್ಟಡಗಳನ್ನು ನೋಡಿ ಬಂದಿದ್ದವಳು ನಾನು. 1889ರಲ್ಲಿ ಅಡಿಗಲ್ಲು ಹಾಕಿದ ಆ ಕಟ್ಟಡವನ್ನು ಸಕ್ಕರೆಯಲ್ಲಿ ಕಟ್ಟುವ ಹಟ ಹಿಡಿದುಬಿಟ್ಟಿತು. ಚಿತ್ರ ಬರೆದೆ, ಅಳತೆ ತೆಗೆದೆ, ಕಮಾನುಗಳನ್ನು ರಟ್ಟಿನಲ್ಲಿ ಕತ್ತರಿಸಿಕೊಂಡೆ.

ಸಕ್ಕರೆ ಗಾಜು ಮಾಡಲು ಪಾಕವನ್ನು 150 ಡಿಗ್ರಿ ತನಕ ಕಾಯಿಸಬೇಕು ಅಂತ ಪುಸ್ತಕದಲ್ಲಿತ್ತು. ಮೊದಲ ಎರಡು ಸಲ ಹಳದಿಯಾಯಿತು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಪಾಕವನ್ನೂ ಮೂರು ಡಿಗ್ರಿ ಮುಂಚೆಯೇ ಇಳಿಸಬೇಕು. ಅಷ್ಟು ತಿಳಿಯಲು ಒಂದು ಕಿಲೋ ಸಕ್ಕರೆ ಹೋಯಿತು. ಮೂರನೇ ಸಲ ನೀರಿನಂಥ ಗಾಜು ಬಂತು. 24 ತುಂಡು. ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡಿದೆ.

ಆ ವಾರ ಸೋನೆ ಮಳೆ. ಮೂರು ದಿನದಿಂದ ಬಟ್ಟೆ ಒಣಗಿರಲಿಲ್ಲ. "ಮೋಡದ ದಿನ ಸಕ್ಕರೆಗೆ ಕೈ ಹಾಕಬೇಡ ಕಣೇ" ಅಂತ ಅಜ್ಜಿ ಎರಡು ಸಲ ಹೇಳಿದರು. ನಾನು ಕೇಳಿಸಿಕೊಂಡೆ, ಕೇಳಲಿಲ್ಲ. ಸಂಜೆ ನಾಲ್ಕಕ್ಕೆ ಗಾಜು ಜೋಡಿಸಿದೆ. ನಾಲ್ಕೂವರೆಗೆ ಅಂಟಲು ಶುರುವಾಯಿತು. ಐದಕ್ಕೆ ಬೆವರಿತು. ಒಂದು ಕಮಾನು ಬಾಗಿತು. ಆರಕ್ಕೆ ನೆಂಟರು ಬರುವವರಿದ್ದರು. ಆಗ ನೀನು ಹೊಸ ಫ್ರಾಕ್ ಹಾಕಿಕೊಂಡು ಬಂದೆ. ಮೂಲೆಯ ಒಂದು ಗಾಜನ್ನು ಮುರಿದು ಬಾಯಿಗೆ ಹಾಕಿಕೊಂಡೆ. "ಅಮ್ಮ, ಗಾಜು ಸಿಹಿ!" ಅಂದೆ.

ನಾನು ನಿನ್ನ ಕೈಗೆ ಹೊಡೆದೆ. ಜೋರಾಗಿಯೇ ಹೊಡೆದೆ. "ನಿನ್ನಿಂದಲೇ ಎಲ್ಲಾ ಹಾಳಾಯಿತು" ಅಂದೆ. ನೀನು ಅಳಲಿಲ್ಲ. ಬಾಯೊಳಗಿನ ತುಂಡನ್ನು ಅಗಿಯಲೂ ಇಲ್ಲ, ಉಗಿಯಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ಹಾಗೇ ನಿಂತಿದ್ದೆ. ಅವತ್ತಿನ ಫೋಟೋ ಈಗಲೂ ಶೋಕೇಸಿನಲ್ಲಿದೆ. ಅದರಲ್ಲಿ ನೀನು ನಗುತ್ತಿದ್ದೀಯ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ನನಗೆ ಅದನ್ನು ಒರೆಸುವಾಗೆಲ್ಲ ಆ ಉಬ್ಬಿದ ಕೆನ್ನೆ ಕಾಣುತ್ತದೆ.

ಮುಂದಿನ ವರ್ಷ "ಯಾವ ಥೀಮ್ ಬೇಕು ಪುಟ್ಟಿ?" ಅಂತ ಕೇಳಿದರೆ "ನಿನಗೆ ಯಾವುದು ಸುಲಭವೋ ಅದು" ಅಂದೆ. ಎಂಟು ವರ್ಷದ ಮಗು ಆಡುವ ಮಾತಾ ಅದು? ಅದಾದ ಮೇಲೆ ಇಂಥದ್ದೇ ಬೇಕು ಅಂತ ನೀನು ಯಾವತ್ತೂ ಕೇಳಲಿಲ್ಲ. ದೊಡ್ಡವಳಾದೆ, ಆಸೆ ಕಡಿಮೆಯಾಯಿತು ಅಂತ ಜನ ಹೇಳಿದರು. ನಾನೂ ತಲೆಯಾಡಿಸಿದೆ. ಯಾಕೆ ಅಂತ ನನಗೆ ಗೊತ್ತಿತ್ತು.

ಅವತ್ತು ಕುಸಿದದ್ದು ನಿನ್ನ ಕೈಯಿಂದಲ್ಲ. ಗಾಜಿನಂತೆ ಹೆಪ್ಪುಗಟ್ಟಿದ ಸಕ್ಕರೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುತ್ತದೆ. ನೀನು ಅಡುಗೆಮನೆಗೆ ಬರುವ ಮುಂಚೆಯೇ ಅದು ಕರಗುತ್ತಿತ್ತು. ನನಗೆ ಅದು ಕಾಣುತ್ತಿತ್ತು. ಕಂಡೂ ನಿನ್ನನ್ನು ಹೊಡೆದೆ. ಆ ಕೇಕ್ ಆ ಹೊತ್ತಿಗೆ ನಿನ್ನದಾಗಿ ಉಳಿದಿರಲಿಲ್ಲ ಪುಟ್ಟಿ, ಬರುವ ನೆಂಟರಿಗೆ ತೋರಿಸಲು ಇಟ್ಟದ್ದಾಗಿತ್ತು. ನೀನೊಬ್ಬಳೇ ಅದನ್ನು ತಿನ್ನುವ ವಸ್ತು ಅಂತ ತಿಳಿದಿದ್ದೆ. ನನ್ನದು ತಪ್ಪಾಯಿತು. ಹನ್ನೆರಡು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಅವತ್ತು ರಾತ್ರಿ ಅಜ್ಜಿ ಒಂದು ಮಾತೂ ಆಡದೆ ಅಂಟಿಹೋದ ಗಾಜನ್ನೆಲ್ಲ ಬಾಣಲೆಗೆ ಕೆರೆದು ಹಾಕಿದರು. ಪರಿಷೆಯಿಂದ ತಂದ ಕಡಲೆಕಾಯಿ ಹುರಿದು ಸೇರಿಸಿ ಚಿಕ್ಕಿ ಮಾಡಿದರು. ನೀನು ಅದನ್ನು ತಿಂದೆ, ನೆನಪಿದೆಯಾ?

ನಿನ್ನೆ ಅಜ್ಜಿಯ ಜೊತೆ ಕೂತು ಸಕ್ಕರೆ ಅಚ್ಚು ಹಾಕಿದೆ. ಅವರ ಕೈ ಈಗ ನಡುಗುತ್ತದೆ, ಸುರಿಯುವುದು ನಾನು, ಹೇಳುವುದು ಅವರು. ಮರದ ಅಚ್ಚುಗಳನ್ನು ನೀರಲ್ಲಿ ನೆನೆಸಿ, ರಬ್ಬರ್ ಬ್ಯಾಂಡ್ ಬಿಗಿದು ಸಾಲಾಗಿ ನಿಲ್ಲಿಸಿದೆವು. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆದು ಬಟ್ಟೆಯಲ್ಲಿ ಸೋಸಿದೆ. ಆಮೇಲೆ ಸ್ವಲ್ಪ ಸ್ವಲ್ಪ ಪಾಕ ತೆಗೆದುಕೊಂಡು, ಕಾಯಿಸಿ, ಬೆಳ್ಳಗಾಗುವ ತನಕ ತಿರುವಿ ಸುರಿಯಬೇಕು. ತಿರುವುವುದರಲ್ಲೇ ಎಲ್ಲಾ ಇದೆ. ತಿರುವಿದರೆ ಸಕ್ಕರೆ ಹರಳುಗಟ್ಟುತ್ತದೆ, ಗಿಳಿ ಆನೆ ಎಲ್ಲಾ ತಿಂಗಳುಗಟ್ಟಲೆ ನಿಲ್ಲುತ್ತವೆ. ಗಾಜಿಗೆ ಮಾತ್ರ ಸೌಟು ಮುಟ್ಟಿಸಬಾರದು. ಒಂದೇ ಸಕ್ಕರೆ, ಕೈಗೆ ತಕ್ಕ ಹಾಗೆ ಕಲ್ಲೂ ಆಗುತ್ತದೆ, ಗಾಜೂ ಆಗುತ್ತದೆ. ಅಜ್ಜಿಗೆ ಥರ್ಮಾಮೀಟರ್ ಬೇಡ. ಗುಳ್ಳೆಯ ಸದ್ದು ಕೇಳಿ "ಈಗ" ಅನ್ನುತ್ತಾರೆ.

ಈಗೀಗ ನಾನೂ ಕಾಲ ನೋಡಿಯೇ ಮಾಡುತ್ತೇನೆ. ಮೇ ತಿಂಗಳಲ್ಲಿ ಬಾದಾಮಿ ಮಾವಿನ ಕೇಕ್. ರಸಪುರಿ ತಿನ್ನಲು ಸೊಗಸು, ಕೇಕಿಗೆ ಅದರ ರಸ ಜಾಸ್ತಿ. ಡಿಸೆಂಬರಿನಲ್ಲಿ ಪ್ಲಮ್ ಕೇಕ್, ಒಣದ್ರಾಕ್ಷಿಯನ್ನು ಕಿತ್ತಳೆ ರಸದಲ್ಲಿ ನೆನೆಸಿ ಮಾಡಿದ್ದು. ಇವತ್ತು ಬೆಳಿಗ್ಗೆ ನಿನಗಿಷ್ಟವಾದ ಖಾರದ ಬನ್ ಮಾಡಿದೆ, ಹಿತಕಿದ ಅವರೆಬೇಳೆ, ಸಬ್ಬಸಿಗೆ ಸೊಪ್ಪು ಹಾಕಿ. ಈ ಚಳಿಗೆ ಹಿಟ್ಟು ಉಬ್ಬಲು ಎರಡರಷ್ಟು ಹೊತ್ತು ಬೇಕು. ರಾತ್ರಿಯೇ ಕಲಸಿ ಕಂಬಳಿ ಹೊದಿಸಿಟ್ಟಿದ್ದೆ. ಮನೆಯೆಲ್ಲ ಸೊಗಡಿನ ಘಮ. ಬನ್ ಕಳಿಸಲು ಆಗುವುದಿಲ್ಲ, ಧಾರವಾಡಕ್ಕೆ ತಲುಪುವ ಹೊತ್ತಿಗೆ ಒಣಗಿಹೋಗುತ್ತದೆ. ಬಂದಾಗ ಮಾಡಿಕೊಡುತ್ತೇನೆ.

ಪಾರ್ಸೆಲಿನಲ್ಲಿ ಎಳ್ಳು ಬೆಲ್ಲ ಇದೆ, ಹದಿನಾರು ಅಚ್ಚು ಇವೆ. ಗಿಳಿಯ ಕೊಕ್ಕು ಸ್ವಲ್ಪ ಮೊಂಡಾಗಿದೆ, ಅಚ್ಚೇ ಸವೆದಿದೆ. ಕೆಳಗೆ ಒಂದು ಸ್ಟೀಲ್ ಡಬ್ಬಿ ಇದೆ. ಅದನ್ನು ಒಣಗಿದ ಕೈಯಲ್ಲಿ ತೆಗೆ. ಅಕ್ಕಿಯ ಗಂಟಿನ ಮೇಲೆ, ಬಟರ್ ಪೇಪರಿನ ನಡುವೆ ಸಕ್ಕರೆ ಗಾಜುಗಳನ್ನು ಇಟ್ಟಿದ್ದೇನೆ. ನಿನ್ನೆ ಆಕಾಶ ಶುಭ್ರವಾಗಿತ್ತು, ಗಾಳಿ ಒಣಗಿತ್ತು. ಅಜ್ಜಿಯನ್ನು ಕೇಳಿಯೇ ಮಾಡಿದೆ. ಕಮಾನಿನದೂ ಎರಡು ಇವೆ. ದಾರಿಯಲ್ಲಿ ಒಡೆದರೆ ಒಡೆಯಲಿ.

ನಿನ್ನ ರೂಮ್‌ಮೇಟಿನ ಕೇಕಿನ ಮೇಲೆ ನಿಲ್ಲಿಸುವುದಾದರೆ ನಿಲ್ಲಿಸು. ಮೊದಲ ತುಂಡು ಮಾತ್ರ ನೀನು ಮುರಿದು ತಿನ್ನು.

ನಿನ್ನ
ಅಮ್ಮ