ನಿನ್ನ ಕೈ ಮೇಲಿನ ವಿಮಾನಕ್ಕೆ ನಾಲ್ಕು ಇಂಜಿನ್ ಇರಲಿ

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ನೀನು ಕಳಿಸಿದ ಹಚ್ಚೆಯ ಚಿತ್ರ ನೋಡಿದೆ. ಎರಡು ದಿನ ಉತ್ತರ ಬರೆಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. 'ಚೆನ್ನಾಗಿದೆ, ಹಾಕಿಸ್ಕೋ' ಅಂತ ಬರೆದು ಮುಗಿಸೋಣ ಅಂದುಕೊಂಡೆ, ಆಗಲಿಲ್ಲ. ಯಾಕಂದ್ರೆ ಆ ಚಿತ್ರ ಚೆನ್ನಾಗಿಲ್ಲ. ಅದು ಇನ್ನು ಮೂರು ವಾರದಲ್ಲಿ ನಿನ್ನ ಕೈ ಮೇಲೆ ಕೂರುತ್ತದೆ ಅಂತ ಗೊತ್ತಿದ್ದೂ ಸುಮ್ನೆ ಇರೋಕೆ ನನಗೆ ಮನಸ್ಸು ಬರಲಿಲ್ಲ.

ಹಚ್ಚೆ ಹಾಕಿಸಿಕೊಳ್ಳುವ ಆಸೆ ಇದೆಯಲ್ಲ, ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. 'ಯಂತ್ರದ ಚಿತ್ರ ಯಾರಾದ್ರೂ ಜೀವನಪೂರ್ತಿ ಮೈ ಮೇಲೆ ಇಟ್ಕೋತಾರಾ' ಅಂತ ಮನೆಯಲ್ಲಿ ಕೇಳಿದರು ಅಂದೆ. ನನಗೂ ಎಷ್ಟೋ ಜನ ಕೇಳಿದ್ದಾರೆ. ಆಕಾಶದಲ್ಲಿ ಸದ್ದು ಕೇಳಿದ ಕೂಡಲೇ ಮಾತು ಅರ್ಧಕ್ಕೆ ಬಿಟ್ಟು ತಲೆ ಎತ್ತುವವರನ್ನು ಒಮ್ಮೆ ನೋಡಿದರೆ ಈ ಪ್ರಶ್ನೆ ಬರುವುದಿಲ್ಲ. ನೀನು ಹಾಗೆ ತಲೆ ಎತ್ತುವುದನ್ನು ನಾನು ಹದಿನೈದು ವರ್ಷದಿಂದ ನೋಡುತ್ತಿದ್ದೇನೆ.

ಈಗ ಚಿತ್ರದ ವಿಷಯ. ಓರೆಯಾಗಿ, ನಮ್ಮ ಕಡೆಗೇ ಬರುತ್ತಿರುವ ಹಾಗೆ ಬರೆದಿದ್ದಾರೆ. ಮೂಗಿನ ಹಿಂದೆ ಮೇಲ್ಗಡೆ ಡುಬ್ಬ ಇದೆ. ಅಂದರೆ ಬೋಯಿಂಗ್ 747 ವಿಮಾನ. ಆದರೆ ರೆಕ್ಕೆಗೆ ಒಂದೊಂದೇ ಇಂಜಿನ್ ಇದೆ! ಎರಡು ಇಂಜಿನ್ನಿನ 747 ಯಾರೂ ಯಾವತ್ತೂ ಕಟ್ಟಿಲ್ಲ ಕಣೋ. ಬರೆದವರು ವಿಮಾನ ನೋಡಿ ಬರೆದಿಲ್ಲ, ಯಾರೋ ಬರೆದ ಇನ್ನೊಂದು ಚಿತ್ರ ನೋಡಿ ಬರೆದಿದ್ದಾರೆ. ಇಂಥ ಚಿತ್ರಗಳು ಹುಡುಕಿದಷ್ಟೂ ಸಿಗುತ್ತವೆ. ದೂರದಿಂದ ಅಂದವಾಗಿಯೇ ಕಾಣುತ್ತವೆ.

ನೆನಪಿದೆಯಾ, ಒಂದು ಸಲ ವಿಮಾನ ನಿಲ್ದಾಣದ ಬೇಲಿ ಪಕ್ಕ ನಾವಿಬ್ಬರೂ ಬಿಸಿಲಲ್ಲಿ ಎರಡೂವರೆ ಗಂಟೆ ನಿಂತಿದ್ದು? ಸರಕು ಸಾಗಿಸುವ 747 ಒಂದು ಬರುತ್ತದೆ ಅಂತ ನೀನೇ ಎಲ್ಲಿಂದಲೋ ತಿಳಿದುಕೊಂಡು ಬಂದಿದ್ದೆ. ಅದು ನಮ್ಮ ತಲೆ ಮೇಲೆ ಹಾದು ಇಳಿಯುವಾಗ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದರೆ, ನೀನು ಬೆರಳು ಮಡಚಿ ಚಕ್ರ ಎಣಿಸುತ್ತಿದ್ದೆ. 'ಹದಿನೆಂಟು!' ಅಂತ ಕೂಗಿದೆ. ಸರಿಯಾಗಿಯೇ ಎಣಿಸಿದ್ದೆ. ಮೂಗಿನ ಕೆಳಗೆ ಎರಡು, ಹೊಟ್ಟೆಯ ಕೆಳಗೆ ನಾಲ್ಕು ಗುಂಪಿನಲ್ಲಿ ಹದಿನಾರು. ಅಷ್ಟು ದೊಡ್ಡ ಸದ್ದಿನ ಕೆಳಗೆ ನಿಂತು ಚಕ್ರ ಎಣಿಸಿದವನ ಮೈ ಮೇಲೆ ಇಂಜಿನ್ ತಪ್ಪಿದ ವಿಮಾನ ಇರಬಾರದು. ನಾನು ಹೇಳಬೇಕು ಅಂತಿರುವುದು ಮುಖ್ಯವಾಗಿ ಇದೇ. ಉಳಿದದ್ದೆಲ್ಲ ಇದರ ಸುತ್ತಲಿನ ಮಾತು.

ನನ್ನ ತೋಳಿನ ಮೇಲಿರುವ ಕಾಂಕಾರ್ಡ್, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಆ ಪ್ರಯಾಣಿಕರ ವಿಮಾನ, ನಿನಗೆ ಗೊತ್ತೇ ಇದೆ. ಅದರ ಹಿಂದಿನ ಲೆಕ್ಕ ಮಾತ್ರ ನಿನಗೆ ಹೇಳಿಲ್ಲ. ಕಾಂಕಾರ್ಡ್ ಉದ್ದ ಸುಮಾರು 62 ಮೀಟರ್, ರೆಕ್ಕೆಯ ಅಗಲ 25.6 ಮೀಟರ್. ಸ್ಕೇಲು ಹಿಡಿದು ಕೂತು ಲೆಕ್ಕ ಹಾಕಿ, ತೋಳಿನ ಮೇಲೆ 12 ಸೆಂ.ಮೀ. ಉದ್ದಕ್ಕೆ 5 ಸೆಂ.ಮೀ. ಅಗಲ ಬರಬೇಕು ಅಂತ ಬರೆದುಕೊಂಡು ಹೋಗಿದ್ದೆ. ಟ್ಯಾಟೂ ಹಾಕುವವರು ಮೊದಲು ತೋರಿಸಿದ ಸ್ಟೆನ್ಸಿಲ್‌ನಲ್ಲಿ, ಅಂದರೆ ಚರ್ಮಕ್ಕೆ ಅಂಟಿಸುವ ಮಾದರಿ ಚಿತ್ರದಲ್ಲಿ, ರೆಕ್ಕೆ ನೇರ ತ್ರಿಕೋನವಾಗಿತ್ತು. ಕಾಂಕಾರ್ಡ್ ರೆಕ್ಕೆ ಹಾಗಿಲ್ಲ. ಮುಂದೆ ಕತ್ತಿನ ಹತ್ತಿರ ಕಿರಿದಾಗಿ ಶುರುವಾಗಿ, ಒಳಕ್ಕೆ ಬಾಗಿ, ಆಮೇಲೆ ಹೊರಕ್ಕೆ ಅರಳುತ್ತದೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಹೋಗಲು ಕಿರಿದು ಬೇಕು, ನಿಧಾನವಾಗಿ ಇಳಿಯುವಾಗ ರೆಕ್ಕೆಯ ಮೇಲೆ ಗಾಳಿ ಸುಳಿ ಸುತ್ತಿ ಎತ್ತಿ ಹಿಡಿಯಲು ಆ ಬಾಗು ಬೇಕು. ಆ ಒಂದು ಗೆರೆಯಲ್ಲಿ ಎಷ್ಟೋ ಎಂಜಿನಿಯರ್‌ಗಳ ವರ್ಷಗಟ್ಟಲೆ ಕೆಲಸ ಇದೆ. ನಾನು ಫೋಟೋ ತೋರಿಸಿದೆ, ಅವರು ಬೇಸರ ಇಲ್ಲದೆ ಮೂರು ಸಲ ಹೊಸದಾಗಿ ಬರೆದರು. ಅವರಿಗೆ ಇವತ್ತಿಗೂ ನಾನು ಋಣಿ.

ಇನ್ನೊಂದು ಸಂಗತಿ ಹೇಳುತ್ತೇನೆ. ಇದು ಗೊತ್ತಾದ ದಿನ ನಿನಗೆ ಹೇಳಬೇಕು ಅಂತ ಒದ್ದಾಡಿಬಿಟ್ಟಿದ್ದೆ. 747 ಮೊದಲ ಸಲ ಹಾರಿದ್ದು 1969ರ ಫೆಬ್ರವರಿ 9ಕ್ಕೆ. ಕಾಂಕಾರ್ಡ್ ಮೊದಲು ಹಾರಿದ್ದು ಅದೇ ವರ್ಷ ಮಾರ್ಚ್ 2ಕ್ಕೆ. ನಿನ್ನ ವಿಮಾನಕ್ಕೂ ನನ್ನ ವಿಮಾನಕ್ಕೂ ಬರೀ 21 ದಿನದ ಅಂತರ! ಇನ್ನೂ ಇದೆ. ಮುಂದೆ ಜನರೆಲ್ಲ ಕಾಂಕಾರ್ಡ್ ಥರದ ಶಬ್ದಕ್ಕಿಂತ ವೇಗದ ವಿಮಾನದಲ್ಲೇ ಓಡಾಡುತ್ತಾರೆ, ಆಗ 747 ಸರಕು ಸಾಗಿಸಿಕೊಂಡು ಬದುಕಬೇಕಾಗುತ್ತದೆ ಅಂತ ಆ ಕಾಲದಲ್ಲಿ ಲೆಕ್ಕ ಹಾಕಿದ್ದರು. ಸರಕು ತುಂಬಲು ಮೂಗನ್ನೇ ಬಾಗಿಲಿನ ಹಾಗೆ ಮೇಲಕ್ಕೆ ಎತ್ತುವ ಹಾಗಿರಬೇಕು. ಅದಕ್ಕೆ ಪೈಲಟ್‌ಗಳ ಕೋಣೆ ದಾರಿಗೆ ಅಡ್ಡ ಬರಬಾರದು. ಹಾಗಾಗಿ ಕೋಣೆಯನ್ನು ಮೇಲಿನ ಅಂತಸ್ತಿಗೆ ಏರಿಸಿದರು. ಡುಬ್ಬ ಹುಟ್ಟಿದ್ದು ಹಾಗೆ. ಕೊನೆಗೆ ಆದದ್ದೇ ಬೇರೆ. ಕಾಂಕಾರ್ಡ್ 2003ರಲ್ಲಿ ನಿಂತುಹೋಯಿತು. 747 ತಯಾರಾಗುತ್ತಲೇ ಇತ್ತು, 1,574ನೆಯದನ್ನು 2023ರ ಜನವರಿ 31ಕ್ಕೆ ಹಸ್ತಾಂತರ ಮಾಡಿದರು, ಅದೇ ಕೊನೆಯದು. ನನ್ನ ವಿಮಾನ ಗೆಲ್ಲುತ್ತದೆ ಅಂದುಕೊಂಡಿದ್ದಕ್ಕೆ ನಿನ್ನ ವಿಮಾನಕ್ಕೆ ಆ ಡುಬ್ಬ ಬಂತು. ನಾವಿಬ್ಬರೂ ಕೈ ಪಕ್ಕ ಪಕ್ಕ ಇಟ್ಟು ನಿಂತಾಗ ಆ ಕಥೆ ಪೂರ್ತಿ ಅಲ್ಲಿರುತ್ತದೆ. ಅದಕ್ಕೇ ಇಷ್ಟು ಹಟ ಹಿಡಿಯುತ್ತಿದ್ದೇನೆ.

ಡುಬ್ಬದಲ್ಲೂ ಒಂದೇ ಥರ ಇಲ್ಲ, ನೋಡಿಕೋ. ಶುರುವಿನ 747-100ರಲ್ಲಿ ಡುಬ್ಬ ಗಿಡ್ಡ, ಮೇಲಂತಸ್ತಿಗೆ ಒಂದೊಂದು ಬದಿಗೆ ಮೂರೇ ಕಿಟಕಿ ಇದ್ದವು. ಆಮೇಲೆ ಬಂದ 747-400ರಲ್ಲಿ ಡುಬ್ಬ ಹಿಂದಕ್ಕೆ ಉದ್ದವಾಗಿ ಚಾಚಿದೆ, ರೆಕ್ಕೆಯ ತುದಿ ಮೇಲಕ್ಕೆ ಮಡಚಿಕೊಂಡಿದೆ. ಆವತ್ತು ನಾವು ನೋಡಿದ್ದರಲ್ಲಿ ರೆಕ್ಕೆ ತುದಿ ಮಡಚಿತ್ತು, ಆದರೆ ಡುಬ್ಬ ಗಿಡ್ಡವಾಗಿತ್ತು. ಸರಕು ಸಾಗಿಸಲೆಂದೇ ಕಟ್ಟಿದ 400 ಹಾಗೇ ಇರುತ್ತದೆ. ನನ್ನ ಹಳೆಯ ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಕಳಿಸುತ್ತೇನೆ. ಕಲಾವಿದರಿಗೆ ಅದನ್ನೇ ಕೊಡು.

ಜಾಗದ ಬಗ್ಗೆ. ಮೇಲಿನಿಂದ ನೋಡಿದ ಹಾಗೆ ರೆಕ್ಕೆ ಪೂರ್ತಿ ಬಿಚ್ಚಿದ ಚಿತ್ರವನ್ನೂ ಯೋಚಿಸಿದ್ದೆ ಅಂದೆಯಲ್ಲ, ಮುಂಗೈಗೆ ಅದು ಬೇಡ. 747-400ರ ಉದ್ದ 70.7 ಮೀಟರ್, ರೆಕ್ಕೆ 64.4 ಮೀಟರ್. ಹೆಚ್ಚುಕಡಿಮೆ ಚೌಕ. 10 ಸೆಂ.ಮೀ. ಉದ್ದ ಬರೆದರೆ ರೆಕ್ಕೆ 9 ಸೆಂ.ಮೀ. ದಾಟುತ್ತದೆ. ಕೈ ದುಂಡಗಿದೆ, ಎರಡು ರೆಕ್ಕೆಯ ತುದಿಗಳೂ ಆಚೆ ಬದಿಗೆ ತಿರುಗಿ ಕಾಣದೇ ಹೋಗುತ್ತವೆ. ಕಾಂಕಾರ್ಡ್ ಕಿರಿದಾಗಿರುವುದರಿಂದ ನನ್ನ ತೋಳಿಗೆ ಹೊಂದಿತು. ನಿನಗೆ ಮುಂಗೈಯೇ ಬೇಕು ಅಂದರೆ ಪಕ್ಕದಿಂದ ನೋಡಿದ ಹಾಗೆ ಬರೆಸು, ಡುಬ್ಬವೂ ಚೆನ್ನಾಗಿ ಕಾಣುತ್ತದೆ. ರೆಕ್ಕೆ ಬಿಚ್ಚಿದ್ದೇ ಬೇಕು ಅಂದರೆ ಬೆನ್ನಿನ ಮೇಲ್ಭಾಗ ಒಳ್ಳೆಯದು, ಅಲ್ಲಿ ಜಾಗ ಜಾಸ್ತಿ.

ಅಂದಹಾಗೆ ನಿನ್ನ ಪೈಲಟ್ ತರಬೇತಿಯ ಅರ್ಜಿ ಇನ್ನೂ ಬಾಕಿ ಇದೆ, ಅದನ್ನೂ ತಲೆಯಲ್ಲಿಟ್ಟುಕೋ. ಏರ್ ನ್ಯೂಜಿಲೆಂಡ್ 2019ರ ಸೆಪ್ಟೆಂಬರ್‌ನಿಂದ, ವರ್ಜಿನ್ ಅಟ್ಲಾಂಟಿಕ್ 2022ರಿಂದ ಸಿಬ್ಬಂದಿಯ ಹಚ್ಚೆ ಕಾಣಿಸಿದರೂ ಪರವಾಗಿಲ್ಲ ಅಂದಿವೆ. ಎಲ್ಲರೂ ಹಾಗಲ್ಲ. ಸಮವಸ್ತ್ರದ ಕೆಳಗೆ ಮುಚ್ಚಿರಬೇಕು ಅನ್ನುವ ಕಂಪನಿಗಳು ಇನ್ನೂ ಎಷ್ಟೋ ಇವೆ. ಕುತ್ತಿಗೆ, ಅಂಗೈ ಹಿಂಭಾಗ ಬೇಡವೇ ಬೇಡ. ತೋಳಿನ ಮೇಲ್ಭಾಗವಾದರೆ ಅರ್ಧ ತೋಳಿನ ಅಂಗಿಯೂ ಮುಚ್ಚುತ್ತದೆ. ವಿಮಾನದ ಮೇಲಿನ ಪ್ರೀತಿಗೆ ಹಾಕಿಸಿದ ಹಚ್ಚೆಯೇ ವಿಮಾನದ ಕೆಲಸಕ್ಕೆ ಅಡ್ಡಿ ಆಗಬಾರದು ಅಲ್ವಾ.

ಗಾತ್ರ ಮಾತ್ರ ಸಣ್ಣದು ಮಾಡಬೇಡ. ಇದನ್ನು ನಾನು ನೋವಾಗಿ ಕಲಿತಿದ್ದೇನೆ. ಮಣಿಕಟ್ಟಿನ ಒಳಬದಿ ನನ್ನ ಮೊದಲ ಹಚ್ಚೆ ಇದೆ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ವಿಮಾನ, ಪಕ್ಕದಲ್ಲಿ ಸಾಲಾಗಿ ಕಿಟಕಿಯ ಚುಕ್ಕಿಗಳು. ಹಾಕಿಸಿದ ದಿನ ಒಂದೊಂದು ಕಿಟಕಿಯೂ ಬೇರೆ ಬೇರೆ ಕಾಣುತ್ತಿತ್ತು. ಆರು ವರ್ಷದಲ್ಲಿ ಎಲ್ಲ ಸೇರಿ ಒಂದು ಬೂದು ಗೆರೆ ಆಗಿದೆ. ಹಾಕಿದವರು ಇಷ್ಟು ಸಣ್ಣದರಲ್ಲಿ ಚುಕ್ಕಿ ನಿಲ್ಲುವುದಿಲ್ಲ ಅಂತ ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಆ ವಿಮಾನ ನೋಡಿದಾಗ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಸೂಜಿ ಇಂಕನ್ನು ಚರ್ಮದ ಮೇಲ್ಪದರ ದಾಟಿಸಿ ಒಂದೆರಡು ಮಿಲಿಮೀಟರ್ ಆಳಕ್ಕೆ ಬಿಡುತ್ತದೆ. ಹೊರಗಿನ ವಸ್ತು ಬಂತು ಅಂತ ದೇಹದ ಕಾವಲು ಕಣಗಳು ಓಡಿ ಬಂದು ಆ ಇಂಕನ್ನು ನುಂಗುತ್ತವೆ. ಅರಗಿಸಿಕೊಳ್ಳಲು ಆಗುವುದಿಲ್ಲ, ಹಾಗೇ ಒಳಗಿಟ್ಟುಕೊಂಡು ಅಲ್ಲೇ ಕೂತುಬಿಡುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ಇದನ್ನು ನೋಡಿದರು. ಒಂದು ಕಣ ಸತ್ತಾಗ ಅದರ ಇಂಕು ಹೊರಗೆ ಬೀಳುತ್ತದೆ, ಆಗ ಹೊಸ ಕಣ ಬಂದು ಅದನ್ನು ಮತ್ತೆ ನುಂಗಿ ಇಟ್ಟುಕೊಳ್ಳುತ್ತದೆ. ನನ್ನ ಕಾಂಕಾರ್ಡ್ ಹೀಗೆ ಕಣದಿಂದ ಕಣಕ್ಕೆ ಕೈ ಬದಲಾಯಿಸಿಕೊಂಡು ಉಳಿದಿದೆ ಅಂತ ಓದಿದ ದಿನ ತೋಳನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದೆ. ವರ್ಷ ಕಳೆದ ಹಾಗೆ ಗೆರೆ ಸ್ವಲ್ಪ ಸ್ವಲ್ಪ ಹರಡುವುದಂತೂ ಇದ್ದೇ ಇದೆ. ಗೆರೆಗಳ ನಡುವೆ ಜಾಗ ಇದ್ದರೆ ಹರಡಿದರೂ ಆಕಾರ ಉಳಿಯುತ್ತದೆ. ಕಿಟಕಿ ಬೇಕೇ ಬೇಕು ಅಂದರೆ ಚಿತ್ರ ದೊಡ್ಡದಿರಬೇಕು. ಗಾಯ ಒಣಗಿದ ಮೇಲೆ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ಹಚ್ಚು, ಬಿಸಿಲು ಬಣ್ಣವನ್ನು ತಿನ್ನುತ್ತದೆ. ಬೇಲಿ ಪಕ್ಕ ಗಂಟೆಗಟ್ಟಲೆ ನಿಲ್ಲುವ ನಮ್ಮಂಥವರಿಗೆ ಈ ಮಾತು ಮುಖ್ಯ.

ಬಣ್ಣ ಹಾಕಿಸುತ್ತೀಯಾ? ಹಾಗಾದರೆ ಒಂದು ಎಚ್ಚರ. ವಿಮಾನದ ಎಡ ರೆಕ್ಕೆಯ ತುದಿಗೆ ಕೆಂಪು ದೀಪ, ಬಲಕ್ಕೆ ಹಸಿರು. ಎಡ ಬಲ ಅಂದರೆ ಪೈಲಟ್ ಕೂತ ದಿಕ್ಕಿನಿಂದ. ಕನ್ನಡಿಯಲ್ಲಿ ನೋಡಿಯೋ, ಸೆಲ್ಫಿ ಕ್ಯಾಮೆರಾದಲ್ಲಿ ನೋಡಿಯೋ 'ಸರಿ ಇದೆ' ಅಂದುಬಿಡಬೇಡ, ಅಲ್ಲಿ ತಿರುಗಾಮುರುಗಾ ಕಾಣುತ್ತದೆ. ಬೇರೆಯವರ ಕೈಯಲ್ಲಿ ಫೋಟೋ ತೆಗೆಸಿ ನೋಡು. ಪ್ರೊಪೆಲ್ಲರ್ ಇರುವ ವಿಮಾನ ಇಷ್ಟಪಡುವವರಿಗೆ ಇನ್ನೂ ಕಷ್ಟ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ತಗೋ, ಮರ್ಲಿನ್ ಇಂಜಿನ್ ಇರುವುದರಲ್ಲಿ ಪ್ರೊಪೆಲ್ಲರ್ ಪೈಲಟ್ ಕಣ್ಣಿಗೆ ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತದೆ, ಆಮೇಲೆ ಬಂದ ಗ್ರಿಫನ್ ಇಂಜಿನ್‌ನಲ್ಲಿ ಎಡಕ್ಕೆ. ಬ್ಲೇಡಿನ ಓರೆ ಕೂಡ ಅದಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಗೊತ್ತಿರುವವರು ಮೊದಲು ನೋಡುವುದೇ ಅದನ್ನು.

ವಿಮಾನದ ಚಿತ್ರವೇ ಬೇಕು ಅಂತ ಏನೂ ಇಲ್ವಲ್ಲ ಅಂತ ನೀನು ಕೇಳಿದ್ದೆ. ನಿಜ. ನನಗೆ ಪರಿಚಯದ ಒಬ್ಬ ಪೈಲಟ್ ಮೊದಲ ಸಲ ಒಬ್ಬರೇ ಹಾರಿದ ರನ್‌ವೇಯ ಸಂಖ್ಯೆಯನ್ನು ಭುಜದ ಮೇಲೆ ಹಾಕಿಸಿಕೊಂಡಿದ್ದಾರೆ, ಬರೀ '09', ರನ್‌ವೇ ಮೇಲೆ ಬರೆಯುವ ಅಕ್ಷರದ ಶೈಲಿಯಲ್ಲೇ. 09 ಅಂದರೆ ದಿಕ್ಸೂಚಿಯಲ್ಲಿ 90 ಡಿಗ್ರಿ, ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ. ಭೂಮಿಯ ಕಾಂತ ಧ್ರುವ ಸರಿಯುತ್ತಾ ಇರುವುದರಿಂದ ಈ ಸಂಖ್ಯೆಗಳೂ ಬದಲಾಗುತ್ತವೆ. ಲಂಡನ್ ಸ್ಟಾನ್‌ಸ್ಟೆಡ್‌ನಲ್ಲಿ 2009ರಲ್ಲಿ 05/23 ಇದ್ದದ್ದು 04/22 ಆಯಿತು. ಮುಂದೊಂದು ದಿನ ಅವರ ರನ್‌ವೇ ಮೇಲೆ 10 ಬರೆಯಬಹುದು, ಭುಜದ ಮೇಲೆ ಮಾತ್ರ ಅವರು ಒಬ್ಬರೇ ಹಾರಿದ ದಿನದ 09 ಇರುತ್ತದೆ. ನನಗೆ ಅದು ತುಂಬಾ ಹಿಡಿಸಿತು. ನಿನಗೂ ಅಂಥದ್ದೊಂದು ದಿನ ಬರುತ್ತದೆ, ಅದಕ್ಕೆ ಸ್ವಲ್ಪ ಚರ್ಮ ಖಾಲಿ ಇಟ್ಟುಕೋ.

ಈಗ ಆಗಬೇಕಾದ ಕೆಲಸ ಇಷ್ಟು. ಆ ಹಳೆಯ ಚಿತ್ರ ಬಿಟ್ಟುಬಿಡು. ನಾನು ಕಳಿಸುವ ಫೋಟೋ ತಗೊಂಡು ಹೋಗಿ ಹೊಸದಾಗಿ ಬರೆಸು, ಒಂದು ವಾರ ಗೋಡೆಗೆ ಅಂಟಿಸಿಕೊಂಡು ದಿನಾ ನೋಡು. ಹಾಕಿಸುವ ದಿನ ಸ್ಟೆನ್ಸಿಲ್ ಕೈಗೆ ಅಂಟಿಸಿದ ಮೇಲೆ, ಸೂಜಿ ಶುರು ಮಾಡುವ ಮುಂಚೆ, ಐದು ನಿಮಿಷ ಕೊಡಿ ಅಂತ ಅವರನ್ನು ಕೇಳಿ ನನಗೊಂದು ಫೋಟೋ ಕಳಿಸು. ಫೋನು ಕೈಯಲ್ಲೇ ಹಿಡಿದುಕೊಂಡಿರುತ್ತೇನೆ. ಇಂಜಿನ್ ನಾನು ಎಣಿಸುತ್ತೇನೆ, ಚಕ್ರ ನೀನು ಎಣಿಸು.

ನಿನ್ನ ಗೆಳೆಯ