ಚಾಮಯ್ಯ ಮೇಷ್ಟ್ರ ಮೇಲೆ ಒಂದು ಜಗಳ

ಗೆಳೆಯಾ,

ಯಾವ ಸಿನಿಮಾ ಕ್ಲಾಸಿಕ್ ಅಂತ ಯಾರು ತೀರ್ಮಾನ ಮಾಡ್ತಾರೆ ಎಂದು ಕೇಳಿದ್ದೆಯಲ್ಲ, ಅದು ಫೋನಿನಲ್ಲಿ ಮುಗಿಯುವ ಮಾತಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಶಿರಸಿಯಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಗೆ ಮದ್ದು ಹೊಡೆಯಲು ಬಂದ, ಮರ ಹತ್ತುವ ಕೊನೆಗೌಡನೂ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದಾನೆ.

ಮೊನ್ನೆ ಟಿವಿಯಲ್ಲಿ ‘ನಾಗರಹಾವು’ ಹಾಕಿದ್ದರು. 1972ರ ಸಿನಿಮಾ, ಅಪ್ಪ ಹೊಸದರಲ್ಲೇ ನೋಡಿದವರು. ಅವರ ಪಾಲಿಗೆ ಅದರಲ್ಲಿನ ಚಾಮಯ್ಯ ಮೇಷ್ಟ್ರು ದೇವರು. ಆ ಪಾತ್ರದಲ್ಲಿ ಕೆ.ಎಸ್. ಅಶ್ವಥ್ ತೆರೆಗೆ ಬಂದರೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮಗಳು ಮೊಬೈಲು ಒತ್ತುತ್ತಾ ಆಗೊಮ್ಮೆ ಈಗೊಮ್ಮೆ ತಲೆ ಎತ್ತುತ್ತಿದ್ದಳು. ಪ್ರೀತಿಸಿದ ಅಲಮೇಲುವನ್ನು ಮರೆತುಬಿಡು ಎಂದು ಮೇಷ್ಟ್ರು ತಮ್ಮ ಶಿಷ್ಯ, ನಾಯಕ ರಾಮಾಚಾರಿಯನ್ನು ಒಪ್ಪಿಸುವಾಗ ಮೊಬೈಲು ಕೆಳಗಿಟ್ಟಳು.

“ಅಜ್ಜ, ಆ ಹುಡುಗಿಯನ್ನ ಒಂದು ಮಾತು ಕೇಳಿದ್ರಾ ಇವರು?”

ಅಪ್ಪ ರೇಗಿದರು. ಊಟಕ್ಕೆ ಕೂತರೂ ಜಗಳ ಮುಗಿಯಲಿಲ್ಲ. ಮುಂದೆ ಅಲಮೇಲು ಗತಿ ಏನಾಯ್ತು, ಅದಕ್ಕೆ ಹೊಣೆ ಯಾರು ಎಂದು ಇವಳು. ಆ ಕಾಲವೇ ಬೇರೆ ಎಂದು ಅವರು. ಮಜ್ಜಿಗೆಗೆ ಬರುವ ಹೊತ್ತಿಗೆ ಅಪ್ಪನ ದನಿ ಸ್ವಲ್ಪ ಇಳಿದಿತ್ತು.

ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅನ್ನಿಸಿತು. ಅಪ್ಪನ ತಲೆಮಾರು ಗುರುಭಕ್ತಿ ಕಂಡಿತು, ಮಗಳಿಗೆ ಗುರುವಿನ ತಪ್ಪು ಕಂಡಿತು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಎರಡಕ್ಕೂ ಜಾಗ ಬಿಟ್ಟಿದ್ದಾರೆ. ಕೊನೆಗೆ ಮೇಷ್ಟ್ರು ಬೆಟ್ಟದಿಂದ ಬೀಳುವುದು ಅದೇ ಶಿಷ್ಯನ ಕೈಯಿಂದ, ನೆನಪಿದೆಯಲ್ಲ? ಒಂದೇ ಅರ್ಥ ಹೇಳಿ ಮುಗಿಸುವ ಸಿನಿಮಾದ ಬಗ್ಗೆ ಮೊಮ್ಮಕ್ಕಳು ಹೀಗೆ ಜಗಳಾಡುವುದಿಲ್ಲ. ಮೂಲ ಕಾದಂಬರಿ ಬರೆದ ತರಾಸು ಅವರಿಗೇ ಈ ಸಿನಿಮಾ ಹಿಡಿಸಿರಲಿಲ್ಲವಂತೆ. ಆದರೂ 2018ರಲ್ಲಿ ಡಿಜಿಟಲ್ ಆಗಿ ಮತ್ತೆ ಥಿಯೇಟರಿಗೆ ಬಂತು. ಆಗ ರಾಮಾಚಾರಿಯಾಗಿದ್ದ ವಿಷ್ಣುವರ್ಧನ್ ತೀರಿಕೊಂಡು ಎಂಟು ವರ್ಷ ದಾಟಿತ್ತು.

ಜಗಳಾಡಲಿಕ್ಕಾದರೂ ಸಿನಿಮಾ ಕೈಗೆ ಸಿಗಬೇಕಲ್ಲ ಮಾರಾಯ. ‘ಘಟಶ್ರಾದ್ಧ’ಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂದಿತ್ತು, 1977ರ ಚಿತ್ರ. ಹಾಳಾಗದಂತೆ ಅದನ್ನು ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಸಂತೋಷ. ಸಿದ್ದಾಪುರದ ಕಡೆ ಯಾವಾಗ ತೋರಿಸ್ತಾರೆ ಎಂಬುದು ನನ್ನ ತಕರಾರು. ಅದರಲ್ಲಿ ಬರುವಂಥ ಅಗ್ರಹಾರ, ಅಂಥ ವೇದಪಾಠದ ಮನೆ ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೊನ್ನಾವರದ ನಮ್ಮ ಶಂಕರ್‌ನಾಗ್ ಕತೆ ಇನ್ನೂ ಬೇರೆ. ಅವರು ಹೋಗಿದ್ದು 1990ರಲ್ಲಿ. ಆಮೇಲೆ ಹುಟ್ಟಿದ ಹುಡುಗರು ಆಟೋ ಹಿಂದೆ ಅವರ ಚಿತ್ರ ಅಂಟಿಸಿಕೊಂಡು ಓಡಾಡ್ತಾರೆ. ಅವರು ಆಟೋ ಡ್ರೈವರ್ ಆಗಿದ್ದ ‘ಆಟೋ ರಾಜ’ಕ್ಕಿಂತ ಅವರೇ ನಿರ್ದೇಶಿಸಿದ ‘ಮಿಂಚಿನ ಓಟ’ ಎಷ್ಟೋ ಒಳ್ಳೆಯ ಸಿನಿಮಾ ಎಂದು ನಾನು ಬೇಕಾದಷ್ಟು ವಾದ ಮಾಡಬಹುದು. ಆಟೋ ಸ್ಟ್ಯಾಂಡಿನಲ್ಲಿ ನನ್ನ ಮಾತು ಯಾರು ಕೇಳ್ತಾರೆ?

ಇನ್ನು ನಿನ್ನ ಪ್ರೀತಿಯ ‘ನಮ್ಮೂರ ಮಂದಾರ ಹೂವೇ’. ಅದು ಬಂದ ಮೇಲೆ ಅದರ ಶೂಟಿಂಗ್ ನಡೆದ ಯಾಣಕ್ಕೆ ಜನ ಮುಗಿಬಿದ್ದರು, ಇವತ್ತಿಗೂ ಬರುತ್ತಾರೆ, ಒಪ್ಪಿದೆ. ಆದರೆ ಈಗ ಬರುವವರಲ್ಲಿ ಸಿನಿಮಾ ನೋಡದವರೇ ಜಾಸ್ತಿ ಇರಬೇಕು. ನೀನು ಅದನ್ನು ಕ್ಲಾಸಿಕ್ ಅನ್ನುವುದರಲ್ಲಿ ನಮ್ಮ ಕಾಲೇಜು ದಿನಗಳ ಪಾಲೂ ಇದೆ, ಅಲ್ವಾ? ಚೌತಿಗೆ ಬರುವಾಗ ಮಗನನ್ನೂ ಕರ್ಕೊಂಡು ಬಾ. ಅವನಿಗೂ ನನ್ನ ಮಗಳಿಗೂ ಹಾಕಿ ತೋರಿಸೋಣ. ಅರ್ಧಕ್ಕೆ ಎದ್ದು ಹೋದರೆ ನನ್ನನ್ನು ಬೈಬೇಡ.

ಇಂತಿ ನಿನ್ನವ