ಪುಟ್ಟೀ, ಆ ಫ್ರಾಕ್ ವಿಷ್ಯ ನಿಂಗೆ ಹೇಳ್ಬೇಕಿತ್ತು

ಪುಟ್ಟಿ,

ನಿನ್ನೆ ರಾತ್ರಿ ಫೋನಲ್ಲಿ ಆಯ್ತು ನೋಡೋಣ ಅಂದ್ಬಿಟ್ಟು ಇಟ್ಟೆ, ಆಮೇಲೆ ನಿದ್ದೆನೇ ಹತ್ಲಿಲ್ಲ. ಶನಿವಾರ ಕಾಲೇಜಿಂದ ವಂಡರ್‌ಲಾಗೆ ಹೋಗ್ತಿದ್ದೀರ, ದುಡ್ಡೂ ಕಟ್ಟಾಗಿದೆ, ಈಗ ನಾನು ನಿಮ್ ಮೇಡಂಗೆ ಫೋನ್ ಮಾಡಿ ಮನೇಲಿ ದೇವ್ರ ಕಾರ್ಯ ಇದೆ ಮಗಳನ್ನ ಕಳ್ಸಲ್ಲ ಅಂತ ಹೇಳ್ಬೇಕು, ಯಾಕಂದ್ರೆ ಅಲ್ಲಿ ತಿರುಗೋ ಆಟ ಹತ್ತಿ ಎಲ್ರ ಮುಂದೆ ವಾಂತಿ ಆದ್ರೆ ಮಾನ ಹೋಗುತ್ತೆ ಅಂತ ನಿನ್ ಭಯ. ಸುಳ್ಳು ಹೇಳೋದು ನಂಗೇನ್ ಹೊಸದಲ್ಲ, ಬೇಕಾದ್ರೆ ಹೇಳ್ತೀನಿ. ಆದ್ರೆ ಅದಕ್ಕೆ ಮುಂಚೆ ನಿಂಗೆ ಒಂದು ವಿಷ್ಯ ಹೇಳೋದಿದೆ, ಫೋನಲ್ಲಿ ಹೇಳಕ್ಕಾಗಲ್ಲ, ನಿಮ್ಮಮ್ಮ ಪಕ್ಕದಲ್ಲೇ ಕಿವಿ ಕೊಟ್ಕೊಂಡಿರ್ತಾಳೆ. ಅದಕ್ಕೆ ಡಿಪೋ ರೆಸ್ಟ್ ರೂಮಲ್ಲಿ ಕೂತ್ಕೊಂಡು ಟೈಪ್ ಮಾಡ್ತಾ ಇದ್ದೀನಿ, ತಪ್ಪು ಗಿಪ್ಪು ಇದ್ರೆ ನೀನೇ ಸರಿ ಮಾಡ್ಕೊಂಡು ಓದ್ಕೋ.

ನಮ್ಮನೇಲಿ ಒಂದ್ ಮಾತಿದೆಯಲ್ಲ, ನಮ್ ಪುಟ್ಟಿಗೆ ತಿರ್ಗೋದು ಗಿರ್ಗೋದು ಆಗ್ಬರಲ್ಲ ಅಂತ. ನಿಮ್ಮತ್ತೆ ಹೇಳ್ತಾರೆ, ನಿಮ್ಮಜ್ಜಿ ಇರೋವರ್ಗೂ ಹೇಳ್ತಿದ್ರು, ಮೇಲುಕೋಟೆ ಜಾತ್ರೇಲಿ ನಿನ್ ತಮ್ಮ ಜಾಯಿಂಟ್ ವೀಲ್ ಹತ್ತಿದಾಗ ನಿನ್ ಕೈಗೆ ಎಲ್ರ ಚಪ್ಲಿ ಕೊಟ್ಟು ಕೆಳಗೆ ನಿಲ್ಸಿದ್ವಿ. ಈ ಮಾತು ಹುಟ್ಟಿದ್ದು 2012ರ ದಸರಾ ಎಕ್ಸಿಬಿಷನ್ನಲ್ಲಿ. ನಿಂಗಾಗ ಆರು ವರ್ಷ. ನಮ್ ಕಂಡಕ್ಟ್ರು ಫ್ಯಾಮಿಲಿನೂ ಜೊತೇಲಿ ಬಂದಿತ್ತು. ನಿಮ್ಮಮ್ಮ ತಮ್ಮನ್ನ ಎತ್ಕೊಂಡು ಡೆಲ್ಲಿ ಹಪ್ಪಳದ ಅಂಗಡಿ ಹತ್ರ ನಿಂತಿದ್ಳು, ನಾವಿಬ್ರೂ ಕೊಲಂಬಸ್, ಆ ತೂಗಾಡೋ ದೋಣಿ, ಹತ್ತಿದ್ವಿ, ಅದೂ ತುದಿ ಸೀಟು, ಅಲ್ಲೇ ಬೇಕು ಅಂತ ಹಠ ಮಾಡಿದ್ದು ನೀನು. ನಾನು ಅದಕ್ಕೆ ಮುಂಚೆ ಒಂದು ಪ್ಲೇಟ್ ಗೋಬಿ, ಎರಡು ಮೆಣಸಿನಕಾಯಿ ಬಜ್ಜಿ, ಮೇಲೊಂದು ಲೋಟ ಕಬ್ಬಿನ ಹಾಲು ಇಳ್ಸಿದ್ದೆ. ನಾಲ್ಕನೇ ಸಲ ದೋಣಿ ಮೇಲಕ್ಕೆ ಹೋಗಿ ಅಲ್ಲೇ ಒಂದ್ ಕ್ಷಣ ನಿಂತಂಗಾಗಿ ಕೆಳಗೆ ಬಿತ್ತು ನೋಡು, ಹೊಟ್ಟೆ ಗಂಟ್ಲಿಗೆ ಬಂತು. ನೀನು ಕಂಬಿ ಹಿಡ್ಕೊಂಡು ಇನ್ನೂ ಜೋರಾಗಿ ಇನ್ನೂ ಜೋರಾಗಿ ಅಂತ ಕಿರುಚ್ತಿದ್ದೆ. ಇಳಿದು ಹತ್ತು ಹೆಜ್ಜೆ ಇಟ್ಟಿಲ್ಲ, ನಿನ್ನ ಎತ್ಕೊಳ್ಳೋಕೆ ಬಗ್ಗಿದೆ, ಅಷ್ಟೇ, ಆ ಹಳದಿ ಫ್ರಾಕ್ ಮೇಲೆ ಎಲ್ಲಾ ಆಯ್ತು. ನಲ್ಲಿ ಹತ್ರ ತೊಳೀತಾ ಇದ್ದಾಗ ನಿಮ್ಮಮ್ಮ, ಕಂಡಕ್ಟ್ರು, ಅವ್ರ ಹೆಂಡ್ತಿ ಎಲ್ಲಾ ಬಂದ್ಬಿಟ್ರು. ಏನಾಯ್ತು ಅಂದ್ರು. ನಾನು ಮಗೂಗೆ ಆಗ್ಲಿಲ್ಲ ಅಂದೆ. ಫ್ರಾಕ್ ನೋಡಿದ್ರೆ ಯಾರ್ ನಂಬಲ್ಲ ಹೇಳು.

ಅವತ್ತು ನೀನು ಅಪ್ಪ ಅಪ್ಪ ಅಂತ ಏನೋ ಹೇಳಕ್ ಬಂದೆ, ನಾನು ಐಸ್‌ಕ್ರೀಮ್ ಕೊಡ್ಸಿ ಬಾಯಿ ಮುಚ್ಚಿಸ್ದೆ. ಘಾಟಿ ರೂಟಲ್ಲಿ ಬಸ್ ಓಡ್ಸೋ ಡ್ರೈವರ್ರು ಕೊಲಂಬಸ್ಸಲ್ಲಿ ವಾಂತಿ ಮಾಡ್ದ ಅಂತ ಡಿಪೋದಲ್ಲಿ ಗೊತ್ತಾದ್ರೆ ರಿಟೈರ್ ಆಗೋವರ್ಗೂ ಬಿಡಲ್ಲ ನಮ್ಮೋರು, ಅದೇ ಭಯ. ಒಂದ್ ಮಾತು ಹೇಳ್ದೆ, ಆ ಮಾತು ಹಂಗೇ ನಿನ್ ಮೇಲೆ ಕೂತ್ಬಿಡ್ತು. ಈಗ ನೀನು 19 ವರ್ಷದ ಹುಡ್ಗಿ ನಂಗೆ ಮೊದ್ಲಿಂದ್ಲೂ ಆಗಲ್ಲ ಅಲ್ವಾಪ್ಪ ಅಂತ ನನ್ನನ್ನೇ ಕೇಳ್ತಿದ್ದೀಯ. ಇಲ್ಲ ಕಣವ್ವ. ಮೊದ್ಲಿಂದ ಆಗ್ದೇ ಇರೋದು ನಂಗೆ. ಮದ್ವೆ ದಿಬ್ಬಣದ ವ್ಯಾನಲ್ಲಿ ಕೂರದೆ ಬೈಕಲ್ಲಿ ಹಿಂದೆ ಬರ್ತೀನಿ ಅಂತಿದ್ದಿದ್ದು, ನಿಮ್ ಚಿಕ್ಕಪ್ಪನ ಕಾರಲ್ಲಿ ಊಟಿಗೆ ಹೋಗೋವಾಗ ನಾನೇ ಓಡಿಸ್ತೀನಿ ಕೊಡು ಅಂತ ಕಿತ್ಕೊಂಡಿದ್ದು, ಎಲ್ಲಾ ಇದಕ್ಕೇ.

ಡ್ರೈವರ್‌ಗೆ ಹೆಂಗೆ ಆಗುತ್ತೆ ಅಂತ ನೀನು ಕೇಳ್ಬೋದು, ನಾನೂ ಕೇಳ್ಕೊಂಡಿದ್ದೆ. ಮೈಸೂರು-ಮಂಗಳೂರು ರೂಟಲ್ಲಿದ್ದಾಗ ಒಂದ್ಸಲ ಸುಳ್ಯಕ್ಕೆ ಹೋಗ್ತಿದ್ದ ಕಿವಿ ಡಾಕ್ಟ್ರು ಒಬ್ರು ಮುಂದಿನ ಸೀಟಲ್ಲಿ ಕೂತಿದ್ರು. ಮಡಿಕೇರಿ ದಾಟಿ ಸಂಪಾಜೆ ಘಾಟಿ ಇಳಿಯೋವಾಗ ಹಿಂದಿಂದ ಕಿಟಕಿ ಗ್ಲಾಸು ಸರ್ರ್ ಅಂತ ಸರಿಯೋ ಸೌಂಡ್ ಬಂದ್ರೆ ಸಾಕು ನಂಗೆ ತಿರುಗಿ ನೋಡ್ದೇನೇ ಗೊತ್ತಾಗುತ್ತೆ ಯಾರಿಗೋ ಶುರುವಾಯ್ತು ಅಂತ. ಅವತ್ತೂ ಆಯ್ತು. ಅದೇ ಮಾತು ಬಂದು ಅವ್ರು ವಿವರ್ಸಿದ್ರು. ಒಂದೊಂದು ಕಿವಿ ಒಳಗೂ ಮೂರು ಸಣ್ಣ ಬಳೆ ಥರ ಕೊಳವೆ ಇರುತ್ತಂತೆ, ಒಳಗೆ ದ್ರವ, ತಲೆ ತಿರುಗಿದ್ರೆ ಅದು ಅಲ್ಲಾಡಿ ಮೆದುಳಿಗೆ ಸುದ್ದಿ ಕಳ್ಸುತ್ತೆ. ನೇರಕ್ಕೆ ಹೋಗೋದು, ಮೇಲೆ ಕೆಳಗೆ ಆಗೋದು ಕಂಡುಹಿಡಿಯೋಕೆ ಬೇರೆ, ಸುಣ್ಣದ ಹರಳಿನ ಥರದ್ದು ಇದೆಯಂತೆ. ಬಸ್ಸಲ್ಲಿ ಕೂತೋನು ಮೊಬೈಲ್ ನೋಡ್ತಿರ್ತಾನೆ, ಕಣ್ಣು ಏನೂ ಅಲ್ಲಾಡ್ತಿಲ್ಲ ಅನ್ನುತ್ತೆ, ಕಿವಿ ಅಲ್ಲಾಡ್ತಿದೆ ಅನ್ನುತ್ತೆ, ಮೆದುಳು ಯಾರ್ ಮಾತು ನಂಬೋದು ಗೊತ್ತಾಗ್ದೆ ಒದ್ದಾಡುತ್ತೆ. ಡ್ರೈವರ್‌ಗೆ ಹಂಗಲ್ಲ, ಸ್ಟೇರಿಂಗ್ ನನ್ ಕೈಲಿದೆ, ತಿರುವು ಬರೋಕ್ ಮುಂಚೆನೇ ಮೆದುಳಿಗೆ ಗೊತ್ತಿರುತ್ತೆ, ಮೈ ಆಗ್ಲೇ ಆ ಕಡೆ ವಾಲ್ಕೊಂಡಿರುತ್ತೆ. ಅದೇ ಡ್ರೈವರ್ರನ್ನ ಹಿಂದಿನ ಸೀಟಲ್ಲಿ ಕೂರ್ಸಿ, ಅವನೂ ಎಲ್ರಂಗೆ ಒಬ್ಬ ಪ್ಯಾಸೆಂಜರ್ರು ಅಂದ್ರು. ನಂಗೆ ನಗು ಬಂತು, ಕೊಲಂಬಸ್ ನೆನಪಾಯ್ತು, ಬಾಯಿ ಬಿಡ್ಲಿಲ್ಲ ಮಾತ್ರ.

ಇನ್ನೊಂದ್ ಮಾತು ಹೇಳಿದ್ರು, ಅದು ನಂಗೆ ಭಾಳ ಹಿಡಿಸ್ತು. ಒಳಕಿವಿಯ ಈ ಭಾಗ ಪೂರ್ತಿ ಕೆಲ್ಸ ನಿಲ್ಸಿರೋವ್ರಿಗೆ ಮೋಷನ್ ಸಿಕ್‌ನೆಸ್, ಅಂದ್ರೆ ಹಿಂಗೆ ಅಲ್ಲಾಡಿದ್ರೆ ಬರೋ ವಾಂತಿ ತಲೆಸುತ್ತು, ಬರೋದೇ ಇಲ್ವಂತೆ. ಅಂದ್ರೆ ಬರುತ್ತೆ ಅಂದ್ರೆ ನಿನ್ ಕಿವಿ ಸರಿಯಾಗಿದೆ ಅಂತ.

ಸ್ಟೇರಿಂಗ್ ಪಕ್ಕ ನಾನು ನೀರಿನ ಬಾಟ್ಲು ಇಟ್ಕೊಂಡಿರ್ತೀನಲ್ಲ, ಬ್ರೇಕ್ ಹಾಕಿ ಬಸ್ ನಿಂತ್ರೂ ಬಾಟ್ಲು ಒಳಗಿನ ನೀರು ಇನ್ನೂ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ಹೊಯ್ದಾಡುತ್ತೆ. ಗಿರಗಿರ ತಿರುಗಿ ಇಳಿದ್ಮೇಲೆ ಕಿವಿ ಒಳಗೂ ಹಂಗೇ. ನೀನು ನಿಂತಿದ್ದೀಯ, ಅದು ನಿಂತಿಲ್ಲ. ಅದು ನಿಲ್ಲೋಕ್ ಮುಂಚೆ ಓಡಿ ಹೋಗಿ ಇನ್ನೊಂದು ಹತ್ತಿದ್ರೆ ಸಾಲದ ಮೇಲೆ ಸಾಲ ಮಾಡ್ದಂಗೆ.

ನಾನು ವಂಡರ್‌ಲಾಗೆ ಹೋಗಿದ್ದೀನಿ ಗೊತ್ತಾ, ಡಿಪೋದವ್ರೆಲ್ಲ ಫ್ಯಾಮಿಲಿ ಕರ್ಕೊಂಡು ಹೋಗಿದ್ರು, ನೀನು ಪಿಯುಸಿ ಪರೀಕ್ಷೆ ಅಂತ ಬರ್ಲಿಲ್ಲ. ನಾನು ಮಂಡಿ ನೋವು ಅಂದ್ಬಿಟ್ಟು ಮರದ ಕೆಳಗೆ ಎಲ್ರ ಬ್ಯಾಗ್ ಕಾಯ್ಕೊಂಡು ಕೂತಿದ್ದೆ. ಸುಮ್ನೆ ಕೂತೋನಿಗೆ ಏನ್ ಕೆಲ್ಸ, ಇಳಿದು ಬರೋವ್ರ ಮುಖ ನೋಡ್ತಾ ಇದ್ದೆ. ಆ ರೋಲರ್ ಕೋಸ್ಟರ್ ಇದೆಯಲ್ಲ, ಅದ್ರಿಂದ ಇಳಿದೋರು ಕೂಗಾಡ್ಕೊಂಡು ಬರೋರು, ಕೂದ್ಲೆಲ್ಲ ಕೆದ್ರಿರೋದು, ಆದ್ರೆ ಮುಖದಲ್ಲಿ ಕಳೆ ಇರೋದು. ದುಂಡಗೆ ಒಂದೇ ಕಡೆ ತಿರುಗ್ಸೋವು ಇರ್ತವಲ್ಲ, ಅದ್ರಿಂದ ಇಳಿದೋರು ಮಾತೇ ಇಲ್ಲ, ಗೋಡೆ ಹಿಡ್ಕೊಂಡು ಬರೋರು. ನೋಡೋಕೆ ಮೊದಲ್ನೇದು ರಾಕ್ಷಸನ ಥರ, ಎರಡ್ನೇದು ಮಕ್ಕಳಾಟ ಥರ. ಕೋಸ್ಟರ್ ಒಂದೆರಡು ನಿಮಿಷದಲ್ಲಿ ಮುಗಿಯುತ್ತೆ, ಹೊಟ್ಟೆಗೆ ಗೊತ್ತಾಗೋ ಹೊತ್ತಿಗೆ ನೀನು ಕೆಳಗಿರ್ತೀಯ. ತಿರುಗ್ಸೋದು ಹಂಗಲ್ಲ, ನಿಧಾನಕ್ಕೆ ಹಿಂಡುತ್ತೆ. ಅದಕ್ಕೆ ದೊಡ್ಡದು ಅಂತ ಹೆದರಿ ಸಣ್ಣದಕ್ಕೆ ಹೋಗ್ಬೇಡ, ತಿರುಗುತ್ತಾ ಇಲ್ವಾ ಅಂತ ನೋಡು. ಎತ್ತರಕ್ಕೆ ಹೋಗಿ ದಬಕ್ ಅಂತ ಬೀಳ್ಸೋದು ಭಯ ಜಾಸ್ತಿ, ತಲೆಸುತ್ತು ಕಮ್ಮಿ.

ರಿಕಾಯ್ಲ್ ಅಂತ ಒಂದಿದೆ, ಮುಂದಕ್ಕೆ ಹೋಗಿ ಅದೇ ಟ್ರ್ಯಾಕಲ್ಲಿ ಹಿಂದಕ್ಕೆ ಬರುತ್ತೆ. ಹಿಂದಕ್ಕೆ ಬರೋವಾಗ ಮುಂದಿನ ತಿರುವು ಯಾವ್ದು ಅಂತ ಕಣ್ಣಿಗೆ ಕಾಣಲ್ಲ, ಸ್ಟೇರಿಂಗ್ ಕಿತ್ಕೊಂಡಂಗೆ ಲೆಕ್ಕ, ಅದನ್ನ ಕೊನೇಗೆ ಇಟ್ಕೋ, ಇಲ್ಲಾಂದ್ರೆ ಬಿಟ್ಬುಡು. ಹತ್ತಿದ್ದ್ರಲ್ಲಿ ಕಣ್ಣು ಮುಚ್ಚಬೇಡ, ಮುಂದೆ ಟ್ರ್ಯಾಕ್ ಎತ್ಲಾಗೆ ಹೋಗ್ತಿದೆ ನೋಡು, ತಲೆ ಹಿಂದಕ್ಕೆ ಸೀಟಿಗೆ ಒತ್ಕೊಂಡಿರು, ಪಕ್ಕದೋಳು ಕೂಗಿದ್ಲು ಅಂತ ತಿರುಗಿ ನೋಡ್ಬೇಡ. ದೋಣಿ ಥರದ್ದಾದ್ರೆ ನಡುವಿನ ಸೀಟು, ತುದಿ ಸೀಟಿನ ಕಥೆ ಗೊತ್ತಾಯ್ತಲ್ಲ. ಸೀಟ್ ಅಲ್ಲಾಡ್ಸಿ ಸ್ಕ್ರೀನಲ್ಲಿ ಏನೇನೋ ತೋರ್ಸೋದು ಇರುತ್ತೆ ಕೆಲವು ಕಡೆ, ಅಲ್ಲಿ ಮಾತ್ರ ಉಲ್ಟಾ, ಕಣ್ಣೇ ಸುಳ್ಳು ಹೇಳ್ತಿರೋದು, ಅಲ್ಲಿ ಮುಚ್ಕೊಂಡ್ರೆ ಅರ್ಧಕ್ಕರ್ಧ ಇಳಿಯುತ್ತೆ.

ಹೊಟ್ಟೆ ವಿಷ್ಯ. ಖಾಲಿ ಹೊಟ್ಟೇಲೂ ಹೋಗ್ಬೇಡ, ನನ್ ಥರ ತುಂಬ್ಸ್ಕೊಂಡೂ ಹೋಗ್ಬೇಡ. ಬಿಡದಿಲಿ ತಟ್ಟೆ ಇಡ್ಲಿಗೆ ನಿಲ್ಸೇ ನಿಲ್ಲಿಸ್ತಾರೆ, ಒಂದು ತಿನ್ನು, ಬೆಣ್ಣೆ ಬೇಡ ಅನ್ನು, ಚಟ್ನಿ ಸ್ವಲ್ಪ. ಮದ್ದೂರು ವಡೆ ವಾಪಸ್ ಬರೋವಾಗ ತಿನ್ಕೋ, ಈ ಎಕ್ಸ್‌ಪ್ರೆಸ್ ವೇ ಆದ್ಮೇಲೆ ಮದ್ದೂರಿಗೆ ಯಾರ್ ಒಳಗೆ ಬರ್ತಾರೆ ಅದೂ ಒಂದ್ ಸಂಕಟ. ಮಧ್ಯಾಹ್ನ ಊಟ ಆದ್ಮೇಲೆ ಒಂದ್ ಗಂಟೆ ಯಾವ್ದೂ ಹತ್ಬೇಡ, ನೀರಾಟದ ಕಡೆ ಹೋಗು. ಬಿಸಿಲಲ್ಲಿ ನೀರು ಕಮ್ಮಿ ಕುಡಿದ್ರೆ ಅದೇ ಅರ್ಧ ತಲೆಸುತ್ತು. ನಿಮ್ಮಮ್ಮ ಶುಂಠಿ-ಬೆಲ್ಲ ಕಟ್ಟಿ ಕೊರಿಯರ್ ಮಾಡ್ತೀನಿ ಅಂತಿದ್ಳು, ಶುಂಠಿ ಸ್ವಲ್ಪ ಮಟ್ಟಿಗೆ ಆಗುತ್ತೆ ಅಂತ ಡಾಕ್ಟ್ರೂ ಹೇಳಿದ್ರು. ನಿಂಬೆಹಣ್ಣು ಮೂಸೋದು ಬಸ್ಸಲ್ಲಿ ದಿನಾ ನೋಡ್ತೀನಿ, ಡೀಸೆಲ್ ವಾಸ್ನೆ ಮುಚ್ಚೋಕೆ ಒಳ್ಳೇದು, ಅದಕ್ಕಿಂತ ಜಾಸ್ತಿ ಏನಿಲ್ಲ.

ಮಾತ್ರೆ ಕೇಳಿದ್ದೆಯಲ್ಲ. ಬಸ್ ಸ್ಟ್ಯಾಂಡ್ ಮೆಡಿಕಲ್ ಸ್ಟೋರಲ್ಲಿ ಅವೊಮಿನ್ ಅಂದ್ರೆ ಸಾಕು, ಕೈಗೆ ಇಡ್ತಾರೆ. ಆದ್ರೆ ಅದು ನಿದ್ದೆ ಬರ್ಸುತ್ತೆ, ಬಾಯಿ ಒಣಗ್ಸುತ್ತೆ, ಟಿಕೆಟ್ ದುಡ್ಡು ಕೊಟ್ಟು ಬೆಂಚ್ ಮೇಲೆ ಮಲ್ಕೊಂಡು ಬರ್ಬೇಕಾಗುತ್ತೆ. ಮತ್ತೆ ಇಂಥವು ಮುಂಚೆನೇ ತಗೊಂಡಿರ್ಬೇಕು, ಹೊಟ್ಟೆ ತೊಳಸೋಕೆ ಶುರುವಾದ್ಮೇಲೆ ನುಂಗಿದ್ರೆ ಅದೂ ಆಚೆ ಬರುತ್ತೆ. ನಿಂಗೆ ಆ ಅರೆತಲೆನೋವು ಬೇರೆ ಇದೆ, ಅದಿರೋವ್ರಿಗೆ ಇದು ಸ್ವಲ್ಪ ಬೇಗ ಆಗುತ್ತಂತೆ, ಅದ್ರ ಮಾತ್ರೆನೂ ತಗೋತೀಯ, ಅದಕ್ಕೆ ಡಾಕ್ಟ್ರನ್ನ ಕೇಳ್ದೆ ಯಾವ್ದೂ ನುಂಗ್ಬೇಡ. ತಿಂಗಳ ದಿನದಲ್ಲೂ ಜಾಸ್ತಿ ಆಗುತ್ತೆ ಅಂತ ನಿಮ್ಮಮ್ಮ ಹೇಳು ಅಂದ್ಳು, ಹೇಳಿದ್ದೀನಿ.

ಭಯ ಇದೆಯಲ್ಲ, ಅದು ಹೊಟ್ಟೆಗೆ ಇನ್ನೊಂದ್ ಗೇರ್ ಹಾಕ್ದಂಗೆ. ಕ್ಯೂನಲ್ಲಿ ನಿಂತಾಗ್ಲೇ ಬಾಯಲ್ಲಿ ನೀರು ಬರೋಕೆ ಶುರುವಾಗುತ್ತೆ, ಇನ್ನೂ ಸೀಟಲ್ಲಿ ಕೂತೇ ಇರಲ್ಲ. ಆಗ ಉಸಿರು ನಿಧಾನ ಮಾಡು, ಎಳ್ಕೊಳ್ಳೋದಕ್ಕಿಂತ ಬಿಡೋದು ಉದ್ದ ಇರ್ಲಿ. ನಂಗೆ ರಾಕೇಶ್ ಶರ್ಮಾ ನೆನಪಾಗ್ತಾರೆ, 1984ರಲ್ಲಿ ರಷ್ಯಾದವ್ರ ಜೊತೆ ಆಕಾಶಕ್ಕೆ ಹೋದಾಗ ಅಲ್ಲಿ ಯೋಗ ಮಾಡಿದ್ರು, ಇದೇ ತಲೆಸುತ್ತು ವಾಂತಿಗೆ ಏನಾದ್ರೂ ಉಪಯೋಗ ಆಗುತ್ತಾ ನೋಡೋಕೆ. ಫೈಟರ್ ಪೈಲಟ್ಟು ಅವ್ರು. ನಿಮ್ ಝುವಾಲಜಿ ಡಾರ್ವಿನ್ ಬಗ್ಗೆ ನೀನೇ ಹೇಳಿರ್ಲಿಲ್ವಾ, ಐದು ವರ್ಷ ಹಡಗಲ್ಲಿ ವಾಂತಿ ಮಾಡ್ಕೊಂಡೇ ಪ್ರಪಂಚ ಸುತ್ತಿದ್ದು ಅಂತ. ಅವತ್ತು ನೀನು ಅದನ್ನ ನಗ್ತಾ ಹೇಳ್ದೆ, ನಾನು ನಗ್ಲಿಲ್ಲ, ಗಮನಿಸಿದ್ಯೋ ಇಲ್ವೋ.

ಫ್ರೆಂಡ್ಸ್ ಬಾರೇ ಬಾರೇ ಅಂತ ಎಳೀತಾರೆ. ನಂಗಾಗಲ್ಲ ಅಂತ ಒಂದೇ ಸಲ ನೆಟ್ಟಗೆ ಹೇಳ್ಬುಡು, ಮಂಡಿ ನೋವು ಗಿಂಡಿ ನೋವು ಅನ್ನಬೇಡ. ಒಂದ್ ಸುಳ್ಳು ಹೇಳಿದ್ರೆ ಇಡೀ ದಿನ ಕುಂಟ್ಕೊಂಡು ಓಡಾಡ್ಬೇಕಾಗುತ್ತೆ, ನಾನು ಅವತ್ತು ಓಡಾಡಿದ್ದೀನಿ. ಆದ್ರೂ ವಾಂತಿ ಆಯ್ತು ಅಂದ್ಕೋ, ಆಗುತ್ತೆ, ಬಾಯಿ ಮುಕ್ಕಳಿಸಿ ನೆರಳಲ್ಲಿ ಕೂತ್ಕೋ, ಸ್ವಲ್ಪ ಸ್ವಲ್ಪ ನೀರು ಗುಟುಕರ್ಸು. ನನ್ ಬಸ್ಸಲ್ಲಿ ಇಷ್ಟ್ ವರ್ಷದಲ್ಲಿ ಎಷ್ಟು ಜನ ವಾಂತಿ ಮಾಡಿದ್ದಾರೋ, ಒಬ್ರ ಮುಖನೂ ನಂಗೆ ನೆನಪಿಲ್ಲ.

ನಿಮ್ಮಮ್ಮಂಗೆ ಫ್ರಾಕ್ ವಿಷ್ಯ ನಾನೇ ಹೇಳ್ತೀನಿ, ನೀನು ಮುಂಚೆ ಹೇಳ್ಬೇಡ, ಊಟ ಸಿಗಲ್ಲ ನಂಗೆ.

ಶುಕ್ರವಾರ ಸಾಯಂಕಾಲ 6 ಗಂಟೆವರ್ಗೂ ಟೈಮ್ ಇದೆ. ಈಗ್ಲೂ ಬೇಡ ಅನ್ಸಿದ್ರೆ ಮಿಸ್ಡ್ ಕಾಲ್ ಕೊಡು, ಮೇಡಂಗೆ ಫೋನ್ ಮಾಡಿ ದೇವ್ರ ಕಾರ್ಯ ಅಂತೀನಿ, ಯಾವ್ ದೇವ್ರು ಅಂತ ಆಮೇಲೆ ಯೋಚ್ನೆ ಮಾಡೋಣ. ಹೋಗೋದಾದ್ರೆ ಬಸ್ಸಲ್ಲಿ ಹಿಂದಿನ ಸೀಟಿಗೆ ಹೋಗ್ಬೇಡ, ಡ್ರೈವರ್ ಹಿಂದೆ ಎರಡ್ನೇ ಮೂರ್ನೇ ಸೀಟು ಹಿಡಿ, ಕಿಟಕಿ ಕಡೆ, ಮೊಬೈಲ್ ಬ್ಯಾಗಲ್ಲಿ. ಎರಡು ಕಪ್ಪು ಕವರ್ ಮಡಚಿ ಸೈಡ್ ಜಿಪ್ಪಲ್ಲಿ ಇಟ್ಕೋ, ಒಂದು ನಿಂಗೆ, ಇನ್ನೊಂದು ಯಾರಿಗಾದ್ರೂ ಬೇಕಾಗುತ್ತೆ.

ನಿಮ್ಮಪ್ಪ